ಗಂಗಕ್ಕ ಸೆರಗಿಗೆ ಕಟ್ಟಿಕೊಂಡ ಪ್ರಸಾದ

ವಾರ್ಸಾ, ಗುರುವಾರ

ವಿಮಾನ ಇಳಿದು ಹೊರಗೆ ಬರುವ ಮೊದಲೇ ನಮ್ಮನ್ನು ಪಕ್ಕಕ್ಕೆ ಕರೆದರು. ಗಂಗಕ್ಕನ ಪೆಟ್ಟಿಗೆಯಲ್ಲಿ ಎರಡೂ ತುದಿಗೆ ಉಕ್ಕಿನ ಮೊನೆಯಿದ್ದ ಕಟ್ಟಿಗೆಯ ಸಾಮಾನೊಂದು ಕಂಡಿತ್ತಂತೆ. ಅದು ಮಗ್ಗದ ಲಾಳಿ. ಅಧಿಕಾರಿ ಮೊನೆಯನ್ನು ಬೆರಳಿನಿಂದ ಮುಟ್ಟಿ, ಯಾರನ್ನು ಇರಿಯಲು ತಂದಿದ್ದೀರಿ ಎನ್ನುವ ಹಾಗೆ ನಮ್ಮಿಬ್ಬರ ಮುಖ ನೋಡಿದ. ನಾನು ಇಂಗ್ಲಿಷಿನಲ್ಲಿ ಸೀರೆ, ಮಗ್ಗ, ನೂಲು ಎಂದೆಲ್ಲ ವಿವರಿಸಿದೆ. ಅವನ ಹುಬ್ಬು ಇಳಿಯಲಿಲ್ಲ. ಕೊನೆಗೆ ಗಂಗಕ್ಕನೇ ಎಡಗೈಯಿಂದ ಬಲಗೈಗೆ ಲಾಳಿ ಓಡಿಸುವ ಹಾಗೆ ಮಾಡಿ, ಬಾಯಲ್ಲಿ ಟಕ್ ಟಕ್ ಎಂದು ಮಗ್ಗದ ಸಪ್ಪಳ ಹೊರಡಿಸಿ, ತನ್ನ ಸೆರಗನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ನಕ್ಕುಬಿಟ್ಟ. ಒಣಗಿಸಿ ತಂದಿದ್ದ ಜೋಳದ ಕಟಕ ರೊಟ್ಟಿಯ ಕಟ್ಟನ್ನು ಮಾತ್ರ ಎರಡು ಸಲ ಮೂಸಿ ನೋಡಿ ವಾಪಸು ಕೊಟ್ಟ.

"ನೋಡಿದ್ರ್ಯಾ ಅಕ್ಕೋರ, ನಿಮ್ಮ ಇಂಗ್ಲೀಷ್ ಏನೂ ಕೆಲಸಕ್ಕ ಬರಲಿಲ್ಲ," ಎಂದಳು ಗಂಗಕ್ಕ.

ನಮ್ಮ ಕಡೆ ಹೆಣ್ಣು ಟೀಚರುಗಳನ್ನು ಅಕ್ಕೋರು ಎನ್ನುತ್ತಾರೆ. ನಾನು ಹುನಗುಂದದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಫಿಲೋಮಿನಾ ಅಕ್ಕೋರು. ಗಂಗಕ್ಕ ಇಳಕಲ್ಲಿನ ನೇಕಾರಳು, ನನಗಿಂತ ನಾಲ್ಕು ವರ್ಷ ದೊಡ್ಡವಳು, ಅವಳ ಮಗ ನನ್ನ ಹತ್ತಿರ ಕಲಿತವನು. ಪೋಲಂಡಿನ ಪೂರ್ವದ ಅಂಚಿನ ಒಂದು ಸಣ್ಣ ಊರಿನ ನೇಕಾರರು ಕ್ರಿಸ್‌ಮಸ್ಸಿಗೆ ಮುಂಚೆ ಕೈಮಗ್ಗದ ಜಾತ್ರೆ ಮಾಡುತ್ತಾರೆ. ಇಳಕಲ್ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ತೋರಿಸಲು ಅವಳನ್ನು ಕರೆದಿದ್ದರು. ಅಕ್ಕೋರು ಬಂದರೆ ಮಾತ್ರ ಹೋಗುತ್ತೇನೆ ಎಂದು ಅವಳು ಪಟ್ಟು ಹಿಡಿದಳು. ಹೀಗೆ ನಾನು ರಜೆ ಹಾಕಿ ಹೊರಟೆ.

ಗಂಗಕ್ಕ ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಅವಳ ಮೊಮ್ಮಗಳಿಗೆ ನಾಲ್ಕು ತುಂಬಿದರೂ ಮಾತು ಬಂದಿಲ್ಲ. ಕಿವಿ ಚೆನ್ನಾಗಿದೆ, ಕರೆದರೆ ಓಡಿ ಬರುತ್ತದೆ, ಮಾತು ಮಾತ್ರ ಇಲ್ಲ. ಗಂಗಕ್ಕ ಕೂಡಲಸಂಗಮದಿಂದ ಹಿಡಿದು ಇಳಕಲ್ಲಿನ ದರ್ಗಾದವರೆಗೆ ಎಲ್ಲ ಕಡೆಯ ಪ್ರಸಾದವನ್ನೂ ಸೆರಗಿಗೆ ಕಟ್ಟಿ ತಂದು ಆ ಮಗುವಿನ ಬಾಯಿಗೆ ಹಾಕಿದ್ದಾಳೆ. ದೂರದ ದೇವರನ್ನು ಇನ್ನೂ ಕೇಳಿಲ್ಲ, ಅಲ್ಲಿ ಕೇಳಿ ನೋಡುತ್ತೇನೆ ಎಂದು ವಿಮಾನದಲ್ಲಿ ಹೇಳಿದ್ದಳು. ನಾನು ಅದನ್ನು ಅಷ್ಟು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಳಿಯೂರು, ಶುಕ್ರವಾರ

ಆ ಊರಿನ ಹೆಸರನ್ನು ಮೂರು ದಿನ ಅಭ್ಯಾಸ ಮಾಡಿದರೂ ನನ್ನ ನಾಲಿಗೆ ತಿರುಗಲಿಲ್ಲ. ಗಂಗಕ್ಕ ಮೊದಲ ದಿನವೇ ಅದಕ್ಕೆ ಚಳಿಯೂರು ಎಂದು ಹೆಸರಿಟ್ಟು ಕೈತೊಳೆದುಕೊಂಡಳು.

ಬಸ್ಸಿನಿಂದ ಇಳಿದಾಗ ಮಧ್ಯಾಹ್ನ ಮೂರೂವರೆ. ಕತ್ತಲಾಗಿತ್ತು. ನನ್ನ ಗಡಿಯಾರ ಕೆಟ್ಟಿತೆಂದುಕೊಂಡೆ. ನಮ್ಮ ಹುನಗುಂದದಲ್ಲಿ ಆ ಹೊತ್ತಿಗೆ ಬಿಸಿಲಿಗೆ ಹೆದರಿ ನಾಯಿಗಳು ಬಸ್ಸಿನ ಕೆಳಗೆ ಮಲಗಿರುತ್ತವೆ. ಇಲ್ಲಿ ಮಂಜು ನೆಲದಿಂದ ಸೊಂಟದವರೆಗೆ ನಿಂತಿತ್ತು. ಜನ ಅದರೊಳಗಿಂದ ಅರ್ಧ ಅರ್ಧವಾಗಿ ಬಂದು ಹೋಗುತ್ತಿದ್ದರು. ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಒಂದು ಊರು ಇಷ್ಟು ಸುಮ್ಮನಿರುವುದನ್ನು ನಾನು ನೋಡಿರಲಿಲ್ಲ.

ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಹೆಲೆನಾ ಎಂಬ ವಿಧವೆಯ ಮರದ ಮನೆ. ಕೆಲವು ವರ್ಷ ಇಂಗ್ಲೆಂಡಿನಲ್ಲಿ ಮನೆಗೆಲಸ ಮಾಡಿ ಬಂದವಳಾದ್ದರಿಂದ ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಮನೆಯ ಪಕ್ಕದಲ್ಲೇ ಸ್ಮಶಾನ. ನಮ್ಮ ಕೋಣೆಯ ಕಿಟಕಿ ತೆರೆದರೆ ಸಾಲು ಸಾಲು ಗೋರಿಗಳು, ಪ್ರತಿಯೊಂದರ ಮೇಲೂ ಕೆಂಪು ಗಾಜಿನೊಳಗೆ ಉರಿಯುವ ಮೇಣದ ದೀಪ. ಗಾಳಿ ಇಲ್ಲದಿದ್ದರೂ ಅವು ಆಗಾಗ ಒಟ್ಟಿಗೆ ಸಣ್ಣಗಾಗಿ ಮತ್ತೆ ದೊಡ್ಡದಾಗುತ್ತಿದ್ದವು.

"ಇಲ್ಲಿ ಸತ್ತಾವ್ರಿಗೆ ದೀಪ ಐತಿ, ಬೀದಿಗಿಲ್ಲ ನೋಡ್ರಿ," ಎಂದು ಗಂಗಕ್ಕ ಪರದೆ ಎಳೆದಳು.

ಮನೆಯಲ್ಲಿ ಒಂದು ಮುದಿ ನಾಯಿ. ಕಿವಿ ಕೇಳುವುದಿಲ್ಲ, ಕಣ್ಣು ಅರ್ಧ ಹೋಗಿದೆ. ಒಲೆಯ ಹತ್ತಿರದ ತನ್ನ ಚಾಪೆ ಬಿಟ್ಟು ಅದು ಏಳುವುದೇ ಇಲ್ಲ ಎಂದು ಹೆಲೆನಾ ಹೇಳಿದಳು. ನಾವು ಬಂದಾಗಲೂ ಅದು ತಲೆ ಎತ್ತಲಿಲ್ಲ.

ಶನಿವಾರ

ಜಾತ್ರೆಯಲ್ಲಿ ಗಂಗಕ್ಕನದೇ ದರ್ಬಾರು. ಅವಳು ಸಣ್ಣ ಚೌಕಟ್ಟಿನ ಮೇಲೆ ಹತ್ತಿಯ ಎಳೆಗೆ ರೇಷ್ಮೆಯ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕುತ್ತ ಕುಳಿತರೆ ಆ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹೊಗಳಲಿಲ್ಲ, ಪ್ರಶ್ನೆ ಕೇಳಲಿಲ್ಲ. ಒಬ್ಬ ಮುದುಕ ಮಾತ್ರ ಬಂದು ಅವಳ ಬೆರಳುಗಳನ್ನು ಮುಟ್ಟಿ, ತನ್ನ ಟೊಪ್ಪಿಗೆ ತೆಗೆದು, ಹೊರಟುಹೋದ. ನಮ್ಮಲ್ಲಾದರೆ ಇಷ್ಟೊತ್ತಿಗೆ ನಾಲ್ಕು ಜನ ಸೇರಿ ಅವಳಿಗೆ ಕೊಂಡಿ ಹಾಕುವುದು ಹೇಗೆಂದು ಕಲಿಸಿಬಿಡುತ್ತಿದ್ದರು.

ಸಂಜೆ ಊಟಕ್ಕೆ ಕುಳಿತಾಗ ಹೆಲೆನಾ ಒಂದು ಲಕೋಟೆ ತಂದು ತೋರಿಸಿದಳು. ಅದರೊಳಗೆ ಕಾಗದದಷ್ಟು ತೆಳ್ಳಗಿನ ಬಿಳಿಯ ಹಾಳೆಗಳಿದ್ದವು. ಹಿಟ್ಟು ಮತ್ತು ನೀರು, ಬೇರೇನೂ ಇಲ್ಲ. ಅದರ ಮೇಲೆ ಕೊಟ್ಟಿಗೆಯ, ಕೂಸಿನ ಚಿತ್ರ ಒತ್ತಿದೆ. ಒಪ್ವಾತೆಕ್ ಎನ್ನುತ್ತಾರಂತೆ. ಚರ್ಚಿನ ಬಾಗಿಲಲ್ಲಿ ಕೊಡುತ್ತಾರೆ, ಜನ ಮನೆಗೆ ಒಯ್ಯುತ್ತಾರೆ. ಕ್ರಿಸ್‌ಮಸ್ಸಿನ ಹಿಂದಿನ ದಿನ ಊಟಕ್ಕೆ ಮೊದಲು ಒಬ್ಬರ ಕೈಯಲ್ಲಿದ್ದದ್ದನ್ನು ಇನ್ನೊಬ್ಬರು ಮುರಿದು ತಿಂದು, ವರ್ಷದ ತಪ್ಪುಗಳನ್ನು ಕ್ಷಮಿಸು ಎಂದು ಕೇಳಿಕೊಳ್ಳುತ್ತಾರೆ. ದೂರದಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಳಿಸುತ್ತಾರೆ. ದನಗಳಿಗೂ ಒಂದು ಚೂರು.

ಗಂಗಕ್ಕ ಒಂದು ತುಣುಕು ಬಾಯಿಗೆ ಹಾಕಿಕೊಂಡು, "ರುಚಿ ಏನೂ ಇಲ್ಲ. ಖರೆ ಪ್ರಸಾದನ ಇದು," ಎಂದಳು. ನಾನು ನಕ್ಕು ಅದನ್ನು ಹೆಲೆನಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಇದು ಪ್ರಾರ್ಥನೆ ಮಾಡಿದ ಹಾಳೆ ಅಷ್ಟೆ, ಚರ್ಚಿನ ಪೂಜೆಯಲ್ಲಿ ಪೀಠದ ಮುಂದೆ ಕೊಡುವುದು ಬೇರೆ ಎಂದು ಗಂಗಕ್ಕನಿಗೆ ಬಿಡಿಸಿ ಹೇಳಬೇಕಾದವಳು ನಾನು. ಹೇಳಲಿಲ್ಲ. ಆ ವಿಷಯಕ್ಕೆ ಬಾಯಿ ಹಾಕುವುದನ್ನೇ ನಾನು ಎಂಟು ವರ್ಷದಿಂದ ಬಿಟ್ಟಿದ್ದೆ.

ಭಾನುವಾರ, ಹನ್ನೆರಡು ಗಂಟೆ

ನಾನು ಬಾಗಲಕೋಟೆಯ ಕಥೋಲಿಕ ಮನೆಯವಳು. ನಮ್ಮ ಚರ್ಚಿನ ಬಲಿಪೂಜೆಯಲ್ಲಿ ಸ್ವಾಮಿಗಳು, ಎಂದರೆ ಪಾದ್ರಿಗಳು, ಪೀಠದ ಮೇಲೆ ಎತ್ತಿ ಹಿಡಿಯುವ ತೆಳ್ಳನೆಯ ರೊಟ್ಟಿ ಆ ಗಳಿಗೆಯಿಂದ ರೊಟ್ಟಿಯಲ್ಲ, ಕ್ರಿಸ್ತನ ದೇಹವೇ ಎಂಬುದು ನಮ್ಮ ನಂಬಿಕೆ. ಅದಕ್ಕೆ ಪರಮಪ್ರಸಾದ ಎನ್ನುತ್ತೇವೆ. ಚಿಕ್ಕವಳಿದ್ದಾಗ ನಾನು, ಶಿಲುಬೆಗೇರುವ ಹಿಂದಿನ ರಾತ್ರಿಯ ಕೊನೆಯ ಊಟದಲ್ಲಿ ಯೇಸು ನಮ್ಮವ್ವ ಬಡಿದ ಜೋಳದ ರೊಟ್ಟಿಯನ್ನೇ ಮುರಿದು ಕೊಟ್ಟ ಎಂದು ತಿಳಿದಿದ್ದೆ. ದೊಡ್ಡವಳಾದ ಮೇಲೆ ಎರಡು ನಿಯಮ ಕಲಿತೆ. ಕೊಟ್ಟದ್ದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು, ಹೊರಗೆ ಒಯ್ಯುವಂತಿಲ್ಲ. ಒಬ್ಬರ ಮೇಲೆ ವೈರ ಇಟ್ಟುಕೊಂಡು ತೆಗೆದುಕೊಳ್ಳುವಂತಿಲ್ಲ.

ನನಗೆ ವೈರವಿತ್ತು. ಎಂಟು ವರ್ಷದ ಹಿಂದೆ ಅವ್ವ ಬಾಗಲಕೋಟೆಯ ದವಾಖಾನೆಯಲ್ಲಿ ಕೊನೆಯ ಉಸಿರಿನಲ್ಲಿದ್ದಳು. ಒಂಬತ್ತನೆಯ ವಯಸ್ಸಿನಿಂದ ಒಂದು ಭಾನುವಾರವೂ ತಪ್ಪದೆ ಪರಮಪ್ರಸಾದ ತೆಗೆದುಕೊಂಡವಳು. ಸ್ವಾಮಿಗಳು ಅದನ್ನು ಹಿಡಿದುಕೊಂಡು ಕೋಣೆಯ ಬಾಗಿಲಿಗೆ ಬಂದರೆ, ನನ್ನ ತಮ್ಮ ಅಂತೋನಿ ಅವರನ್ನು ವಾಪಸು ಕಳಿಸಿದ. ನಾನು ಹುನಗುಂದದಿಂದ ಬಸ್ಸು ಹಿಡಿದು, ಕಮತಗಿ ದಾಟಿ, ತಲುಪುವಷ್ಟರಲ್ಲಿ ಅವ್ವ ಹೋಗಿದ್ದಳು. ಮಣ್ಣು ಮಾಡುವಾಗ ಎಲ್ಲರ ಎದುರಿಗೆ, ನಿನ್ನ ಮುಖ ನೋಡುವುದಿಲ್ಲ ಎಂದು ಅವನಿಗೆ ಹೇಳಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವನು ಏನಾದರೂ ಹೇಳುತ್ತಿದ್ದ, ಆಮೇಲೆ ನನ್ನ ಸಿಟ್ಟಿಗೆ ತೊಂದರೆಯಾಗುತ್ತಿತ್ತು.

ಅಂದಿನಿಂದ ಜನ ಪೀಠದ ಕಡೆ ಸಾಲು ಹಿಡಿದಾಗ ನಾನು ತಲೆ ತಗ್ಗಿಸಿ ಕುಳಿತುಬಿಡುತ್ತೇನೆ. ಎಲ್ಲರೂ ವಾಪಸು ಬಂದು ಕುಳಿತ ಸಪ್ಪಳವಾದ ಮೇಲೆ ತಲೆ ಎತ್ತುತ್ತೇನೆ. ಇವತ್ತು ನಾವಿಬ್ಬರೂ ಹೆಲೆನಾಳ ಜೊತೆ ಚಳಿಯೂರಿನ ಚರ್ಚಿಗೆ ಹೋದಾಗಲೂ ಹಾಗೇ ಮಾಡಿದೆ. ಆದ್ದರಿಂದ ಗಂಗಕ್ಕ ನನ್ನ ಪಕ್ಕದಿಂದ ಎದ್ದು ಹೋದದ್ದು ನನಗೆ ತಿಳಿಯಲಿಲ್ಲ.

ತಲೆ ಎತ್ತಿದಾಗ ಅವಳು ನನ್ನ ಪಕ್ಕದಲ್ಲೇ ಇದ್ದಳು. ಆದರೆ ಕಂಬದ ಹತ್ತಿರ ತಲೆಗೆ ಬೂದು ಬಣ್ಣದ ಬಟ್ಟೆ ಕಟ್ಟಿಕೊಂಡ ಒಬ್ಬ ತೆಳ್ಳನೆಯ ಮುದುಕಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಉಳಿದವರೆಲ್ಲ ಮೊಣಕಾಲೂರಿದ್ದರು, ಅವಳೊಬ್ಬಳೇ ನಿಂತಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ.

ಭಾನುವಾರ, ದಾರಿಯಲ್ಲಿ

ಹೆಲೆನಾ ಜಾತ್ರೆಯ ಕೆಲಸಕ್ಕೆ ಹೋದಳು. ನಾವಿಬ್ಬರೇ ಮನೆಗೆ ಹೊರಟೆವು. ಹಿಮ ಸಣ್ಣಗೆ ಬೀಳತೊಡಗಿತ್ತು. ಒಂದು ತಿರುವು ದಾಟಿದ ಮೇಲೆ ಹಿಂದಿನಿಂದ ಹಿಮ ಮೆಟ್ಟುವ ಕರಕರ ಸಪ್ಪಳ ಕೇಳಿತು. ನಾವು ನಿಂತರೆ ಅದೂ ನಿಂತಿತು. ತಿರುಗಿ ನೋಡಿದೆ. ಇಪ್ಪತ್ತು ಹೆಜ್ಜೆ ಹಿಂದೆ ಆ ಮುದುಕಿ. ಸೊಂಟದಿಂದ ಕೆಳಗೆ ಮಂಜಿನಲ್ಲಿ ಮುಳುಗಿದ್ದಳು. ನಮ್ಮ ಮುಖ ನೋಡುತ್ತಿರಲಿಲ್ಲ. ಗಂಗಕ್ಕನ ಸೊಂಟದ ಕಡೆಗೇ ಅವಳ ಕಣ್ಣು.

"ಕಳ್ಳೇನ್ರಿ ಆಕಿ?" ಎಂದು ಗಂಗಕ್ಕ ಪಿಸುಗುಟ್ಟಿದಳು.

"ಇಂಥ ವಯಸ್ಸಿನಾಗ ಏನ ಕದಿತಾಳ. ನಡಿ ಸುಮ್ಮನ."

ಗಂಗಕ್ಕ ಎಂದಿನಂತೆ ಮಾತಾಡುತ್ತಿರಲಿಲ್ಲ. ದಪ್ಪ ಕೋಟಿನ ಮೇಲಿನಿಂದ ಸೊಂಟಕ್ಕೆ ಬಲಗೈ ಒತ್ತಿಕೊಂಡು, ತುಂಬಿದ ಕೊಡ ಹೊತ್ತವಳ ಹಾಗೆ ನಡೆಯುತ್ತಿದ್ದಳು. ಚಳಿಗೆ ಹಾಗೆ ಮಾಡುತ್ತಿರಬೇಕೆಂದು ನಾನು ತಿಳಿದೆ. ಮನೆಯ ಗೇಟು ಹಾಕಿಕೊಂಡಾಗ ಮುದುಕಿ ಹೊರಗೆ ರಸ್ತೆಯಲ್ಲಿ ನಿಂತಳು. ಬಾಗಿಲು ಬಡಿಯಲಿಲ್ಲ, ಕರೆಯಲಿಲ್ಲ. ಅರ್ಧ ಗಂಟೆಯ ಮೇಲೆ ಪರದೆ ಸರಿಸಿ ನೋಡಿದಾಗಲೂ ಅಲ್ಲೇ ಇದ್ದಳು. ಅವಳ ಹೆಗಲ ಮೇಲೆ ಹಿಮ ಕೂತಿತ್ತು. ಅದನ್ನು ಕೊಡವಿಕೊಂಡಿರಲಿಲ್ಲ.

ಒಳಗೆ ಇನ್ನೊಂದು ವಿಚಿತ್ರ ನಡೆಯಿತು. ಆ ಮುದಿ ನಾಯಿ ಚಾಪೆಯಿಂದ ಎದ್ದಿತು. ನಡುಗುವ ಕಾಲಿನಲ್ಲಿ ಕೋಣೆ ದಾಟಿ ಬಂದು ಗಂಗಕ್ಕನ ಪಾದದ ಮುಂದೆ ಮೂಗು ನೆಲಕ್ಕಿಟ್ಟು ಮಲಗಿತು. ಅವಳು ಹೆದರಿ ಬೇರೆ ಕುರ್ಚಿಗೆ ಹೋದಳು. ನಾಯಿಯೂ ಎದ್ದು ಅಲ್ಲಿಗೆ ಬಂದು ಮಲಗಿತು. ಮೂಸಲಿಲ್ಲ, ಬಾಲ ಆಡಿಸಲಿಲ್ಲ.

ಕೋಟು ಬಿಚ್ಚುವಾಗ ನಾನು ಆ ಗಂಟನ್ನು ಕಂಡೆ. ಸೊಂಟದಲ್ಲಿ ಸಿಕ್ಕಿಸಿದ ಸೆರಗಿನ ತುದಿಯಲ್ಲಿ ಒಂದು ಬಿಗಿಯಾದ ಸಣ್ಣ ಗಂಟು.

"ಏನದು ಗಂಗಕ್ಕ?"

"ಪ್ರಸಾದ ರೀ. ಎಲ್ಲಾರೂ ಸಾಲ ಹಚ್ಚಿದ್ರು, ನಾನೂ ಹೋದ್ನಿ. ಸ್ವಾಮಿ ಕೈಯಾಗ ಇಟ್ರು. ಕಣ್ಣಿಗೆ ಒತಗೊಂಡು ಕಟಗೊಂಡ್ನಿ. ಹೆಲೆನಾಬಾಯಿ ನಿನ್ನಿ ಹೇಳಿಲ್ಲೇನು, ಮನಿಗೆ ಒಯ್ಯೂದಂತ? ನಮ್ಮ ಹುಡುಗಿ ಬಾಯಾಗ ಇಡ್ತೇನಿ."

ಎಂಟು ವರ್ಷ ಯಾವುದರ ಹತ್ತಿರ ಹೋಗಲಿಲ್ಲವೋ ಅದು ಈಗ ನನ್ನಿಂದ ಮೂರು ಅಡಿ ದೂರದಲ್ಲಿ, ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ, ಕುರ್ಚಿಯ ಮೇಲೆ ಕುಳಿತಿತ್ತು. ನಾನು ಗಂಗಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನಿನ್ನೆ ಹೇಳಬೇಕಾದದ್ದನ್ನು ಇವತ್ತು ಹೇಳಿದೆ. ಅವಳ ಮುಖದ ಬಣ್ಣ ಇಳಿಯಿತು.

"ಅಂದ್ರ ಇದು ಪ್ರಸಾದ ಅಲ್ಲ, ದೇವರಾ?"

"ನಮ್ಮ ನಂಬಿಕಿ ಹಂಗ ಐತಿ."

"ಹಂಗಾರ ನಾ ದೇವರನ್ನ ಗಂಟ ಹಾಕಿ ಕಟ್ಟೇನೇನ್ರಿ ಅಕ್ಕೋರ?" ಗಂಟಿನ ಹತ್ತಿರ ಕೈ ಒಯ್ದು, ಮುಟ್ಟಲು ಧೈರ್ಯವಾಗದೆ ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ಕುಳಿತಳು.

ಭಾನುವಾರ, ಮೂರು ಗಂಟೆ

ಹೆಲೆನಾ ಬಂದಾಗ ಕತ್ತಲು ಇಳಿಯುತ್ತಿತ್ತು. ಗೇಟಿನಲ್ಲಿ ಮುದುಕಿಯ ಜೊತೆ ಬಹಳ ಹೊತ್ತು ಮಾತಾಡಿ, ಅವಳನ್ನು ಕೈಹಿಡಿದು ಒಳಗೆ ಕರೆತಂದಳು. ಆ ಮುದುಕಿ ಚರ್ಚಿನ ಬಟ್ಟೆ ಒಗೆಯುವವಳು, ಪೀಠದ ದೀಪಕ್ಕೆ ಎಣ್ಣೆ ಹಾಕುವವಳು. ಗಂಗಕ್ಕ ಬಾಯಿಗೆ ಹಾಕಿಕೊಳ್ಳದೆ ಗಂಟು ಕಟ್ಟಿದ್ದನ್ನು ಅವಳೊಬ್ಬಳೇ ನೋಡಿದ್ದಳು.

ನಾನು ಕ್ಷಮೆ ಕೇಳತೊಡಗಿದೆ. ಇವರಿಗೆ ಗೊತ್ತಿರಲಿಲ್ಲ, ನೀವು ನಮ್ಮನ್ನು ಹಿಂಬಾಲಿಸಿ ಅಷ್ಟು ಹೊತ್ತು ಚಳಿಯಲ್ಲಿ ನಿಲ್ಲಬೇಕಾಯಿತು ಎಂದೆ. ಹೆಲೆನಾ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಮುದುಕಿ ತಲೆ ಅಲ್ಲಾಡಿಸಿ ಒಂದೆರಡು ಮಾತು ಹೇಳಿದಳು. ಹೆಲೆನಾ ಅದನ್ನು ನನಗೆ ಇಂಗ್ಲಿಷಿನಲ್ಲಿ ತಿಳಿಸಿದಳು.

"ಅವಳು ನಿಮ್ಮನ್ನು ಹಿಂಬಾಲಿಸಲಿಲ್ಲವಂತೆ. ಆತನ ಜೊತೆ ಬಂದಳಂತೆ. ಹಿಂದೆ ಸ್ವಾಮಿಗಳು ರೋಗಿಗಳ ಮನೆಗೆ ಇದನ್ನು ಒಯ್ಯುವಾಗ ಒಬ್ಬರು ಗಂಟೆ ಬಾರಿಸುತ್ತ, ಒಬ್ಬರು ದೀಪ ಹಿಡಿದು ಜೊತೆಗೆ ನಡೆಯುತ್ತಿದ್ದರು. ಬೀದಿಯಲ್ಲಿ ಆತನನ್ನು ಒಬ್ಬನೇ ಕಳಿಸಬಾರದು ಎನ್ನುತ್ತಾಳೆ."

ಸ್ವಾಮಿಗಳು ಹಳ್ಳಿಗಳ ಪೂಜೆ ಮುಗಿಸಿ ಐದಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಗಂಟನ್ನು ಯಾರೂ ಬಿಚ್ಚುವುದು ಬೇಡ, ಒಂದು ದೀಪ ಮಾತ್ರ ಹಚ್ಚಿ ಎಂದು ಮುದುಕಿ ಕೇಳಿಕೊಂಡಳು. ಹೆಲೆನಾಳ ಹತ್ತಿರ ಗಂಡನ ಗೋರಿಗೆ ತಂದಿಟ್ಟ ಕೆಂಪು ಗಾಜಿನ ದೀಪವಿತ್ತು. ಅದನ್ನು ಮೇಜಿನ ಮೇಲೆ ಹಚ್ಚಿದಳು. ಮುದುಕಿ ಮರದ ನೆಲದ ಮೇಲೆ ಗಂಗಕ್ಕನಿಗೆ ಎದುರಾಗಿ ಮೊಣಕಾಲೂರಿದಳು.

"ನನ್ನ ಮುಂದ ಯಾಕ ಕೈ ಮುಗಿತಾಳ್ರಿ? ಏಳ ಅನ್ರಿ. ನಾ ಮುಂಜಾನಿ ಜಳಕಾನೂ ಸರಿಯಾಗಿ ಮಾಡಿಲ್ಲ," ಎಂದು ಗಂಗಕ್ಕ ಗೋಗರೆದಳು. ಮುದುಕಿ ಏಳಲಿಲ್ಲ. ಬಾದಾಮಿಯ ಗುಹೆಯ ಮೂರ್ತಿಗಳ ಹಾಗೆ ಗಂಗಕ್ಕ ಕದಲದೆ ಕುಳಿತಳು. ಕಾಲು ಜೋಮು ಹಿಡಿದರೂ ಅಲ್ಲಾಡಿಸಲಿಲ್ಲ.

ಆ ಹೊತ್ತನ್ನು ನಾನು ಮರೆಯುವುದಿಲ್ಲ. ಕೋಣೆಯಲ್ಲಿ ನಾಲ್ಕು ಹೆಂಗಸರು, ಒಂದು ನಾಯಿ. ಆದರೆ ಲೆಕ್ಕ ಸರಿಬರುತ್ತಿರಲಿಲ್ಲ, ಇನ್ನೊಬ್ಬರು ಇದ್ದಾರೆ ಎನಿಸುತ್ತಿತ್ತು. ನಾನು ಸಂಶಯದವಳು. ಹಿಂದೆಲ್ಲ ಎಷ್ಟೋ ಭಾನುವಾರ ಅದನ್ನು ಮೊಸರನ್ನ ಉಂಡ ಹಾಗೆ ಉಂಡು, ಮಾರುಕಟ್ಟೆಯ ಚಿಂತೆ ಮಾಡುತ್ತ ಮನೆಗೆ ಬಂದಿದ್ದೇನೆ. ನನ್ನೊಳಗೆ ಒಂದು ಮಾತು ಓಡುತ್ತಿತ್ತು: ಅದು ಬರೀ ಹಿಟ್ಟಾಗಿದ್ದರೆ ನಾನು ಇಷ್ಟು ಹೆದರುವುದೇಕೆ? ದೇವರೇ ಆಗಿದ್ದರೆ, ಯಾರು ಬೇಕಾದರೂ ಗಂಟು ಕಟ್ಟಿ ಒಯ್ಯಬಹುದಾದಷ್ಟು ಸಣ್ಣವನಾಗಿ ಆತ ಬರುವುದೇಕೆ? ಕೈಯಲ್ಲಿಟ್ಟರೆ ಕೈಗೆ, ಸೆರಗಿನಲ್ಲಿ ಕಟ್ಟಿದರೆ ಸೆರಗಿಗೆ ಬರುತ್ತಾನೆ. ಬೇಡ ಎಂದು ಕುಳಿತವರನ್ನು ಆತ ಒತ್ತಾಯ ಮಾಡುವುದಿಲ್ಲ. ನನ್ನ ಸಿಟ್ಟಿಗೆ ಇದ್ದಷ್ಟು ಹಟ ಆತನಿಗೆ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಮುದುಕಿ ತಿರುಗಿ ನನ್ನನ್ನು ನೋಡಿ ಏನೋ ಕೇಳಿದಳು.

"ಪೂಜೆಯಲ್ಲಿ ನೀವು ಯಾಕೆ ಪೀಠದ ಹತ್ತಿರ ಎದ್ದು ಹೋಗಲಿಲ್ಲ ಎಂದು ಕೇಳುತ್ತಿದ್ದಾಳೆ," ಎಂದಳು ಹೆಲೆನಾ. "ನೀವು ಆತನ ಹತ್ತಿರ ಹೋಗಲಿಲ್ಲ, ಅದಕ್ಕೇ ಆತ ಮನೆಗೆ ಬಂದಿದ್ದಾನೆ ಎನ್ನುತ್ತಾಳೆ."

ನಾನು ತಮ್ಮನ ಕತೆ ಹೇಳಿದೆ. ಇಂಗ್ಲಿಷಿನಲ್ಲಿ ಒಮ್ಮೆ, ಗಂಗಕ್ಕನಿಗೆ ಕನ್ನಡದಲ್ಲಿ ಇನ್ನೊಮ್ಮೆ. ಎರಡನೆಯ ಸಲ ಹೇಳುವಾಗ ಅದು ಅಷ್ಟು ನ್ಯಾಯವಾದ ಸಿಟ್ಟಾಗಿ ಕೇಳಲಿಲ್ಲ.

ಗಂಗಕ್ಕ ಗಂಟಿನಿಂದ ಕಣ್ಣು ತೆಗೆಯದೆ ಹೇಳಿದಳು, "ನಮ್ಮ ಹುಡುಗಿ ಬಾಯಾಗ ಒಂದು ಮಾತ ಬರಲಿ ಅಂತ ನಾ ಊರೂರ ತಿರಗಾಕತ್ತೇನಿ. ನಿಮಗ, ನಿಮ್ಮ ತಮ್ಮಗ ಮಾತ ಐತಿ. ಇಟಗೊಂಡು ಏನ ಮಾಡಿದ್ರಿ ಎಂಟ ವರ್ಷ?"

ಸಿಟ್ಟು ಬಂತು. ಆಮೇಲೆ ಫೋನು ತೆಗೆದೆ. ಅಂತೋನಿಯ ನಂಬರನ್ನು ನಾನು ಅಳಿಸಿರಲಿಲ್ಲ. ಹೆಲೆನಾಳ ಫೋನಿನ ನೆಟ್ ಹಿಡಿದು ಕರೆ ಮಾಡಿದೆ. ಊರಿನಲ್ಲಿ ಆಗ ಊಟದ ಹೊತ್ತು. ಎರಡನೇ ರಿಂಗಿಗೆ ಎತ್ತಿದ.

"ಅಕ್ಕಾ?" ಎಂದ. ನಾನು ಇನ್ನೂ ಮಾತಾಡಿರಲಿಲ್ಲ.

"ಹೂಂ."

"ಆರಾಮ ಅದಿಯಿಲ್ಲ?"

"ಅದೀನಿ. ಅಂತೋನಿ, ಒಂದು ಕೇಳ್ತೇನಿ. ಅವತ್ತ ಸ್ವಾಮಿಗಳ್ನ ಯಾಕ ವಾಪಸ್ ಕಳಿಸಿದಿ?"

ಅವನು ಊಟದಿಂದ ಎದ್ದು ಹೊರಗೆ ಬಂದ ಸಪ್ಪಳ ಕೇಳಿತು.

"ಹಿಂದಿನ ದಿನದಿಂದ ಅವ್ವ ನೀರೂ ನುಂಗತಿದ್ದಿಲ್ಲಕ್ಕಾ. ಚಮಚಾದಾಗ ಹಾಕಿದ್ರ ಗಂಟಲಾಗ ಸಿಕ್ಕು ಮಾರಿ ನೀಲಿ ಆಗತಿತ್ತು. ಬಾಯಿಗೆ ಏನೂ ಹಾಕಬ್ಯಾಡ್ರಿ ಅಂತ ಡಾಕ್ಟರ್ ಹೇಳಿದ್ರು. ಸ್ವಾಮಿಗಳು ಒಂದ ಚೂರ ಇಡ್ತೇನಿ ಅಂದ್ರು. ಅವ್ವ ಬಾಯಿ ತಗದ್ಳು. ನಂಗ ಧೈರ್ಯ ಆಗಲಿಲ್ಲ. ಅದ ಗಂಟಲಾಗ ಸಿಕ್ಕು ಅವ್ವ ಸತ್ಲಂದ್ರ, ನಾ ಮುಂದ ಯಾವ ದೇವರ ಕಡೆ ಹೋಗ್ಲಿ?"

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ." ಅವನು ಮೂಗು ಒರೆಸಿಕೊಂಡದ್ದು ಕೇಳಿತು. "ಅವತ್ತಿನಿಂದ ನಾನೂ ತಗೊಂಡಿಲ್ಲಕ್ಕಾ. ಸಾಲಿನಾಗ ನಿಂದರ್ತೇನಿ. ನನ್ನ ಪಾಳಿ ಬಂದಾಗ ಬಾಜೂ ಸರದಬಿಡ್ತೇನಿ. ನನ್ನ ಗಂಟಲಾಗ ಇಳಿಯೂದಿಲ್ಲ ಅನಸ್ತೈತಿ."

ನನ್ನ ತಮ್ಮ ಅವ್ವನ ಕೊನೆಯ ಆಸೆಯನ್ನು ಕಸಿದುಕೊಂಡ ಎಂದು ಎಂಟು ವರ್ಷ ತಿಳಿದಿದ್ದೆ. ಆ ಕೋಣೆಯಲ್ಲಿ ಅವನು ಒಬ್ಬನೇ ಇದ್ದ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ತಪ್ಪಾತೋ ತಮ್ಮಾ ಎಂದೆ. ಇಲ್ಲಿ ಏನಾಗಿದೆ ಎಂಬುದನ್ನು ಹೇಗೋ ತಿಳಿಸಿದೆ.

"ಫೋನ ಇಡಬ್ಯಾಡಕ್ಕಾ," ಎಂದ. "ಹಂಗ ಇರಲಿ."

ಭಾನುವಾರ, ಚರ್ಚಿನ ದಾರಿ

ನಾಲ್ಕೂವರೆಗೆ ಹೊರಟೆವು. ಮುಂದೆ ಮುದುಕಿ ಕೆಂಪು ದೀಪ ಹಿಡಿದು, ಅವಳ ಹಿಂದೆ ಎರಡೂ ಕೈಯಿಂದ ಸೆರಗಿನ ಗಂಟನ್ನು ಎದೆಯ ಹತ್ತಿರ ಹಿಡಿದ ಗಂಗಕ್ಕ, ಆಮೇಲೆ ನಾನು ಮತ್ತು ಹೆಲೆನಾ. ಕೊನೆಯಲ್ಲಿ ಆ ನಾಯಿ. ಯಾರೂ ಕರೆದಿರಲಿಲ್ಲ. ಮಂಜಿನಲ್ಲಿ ದೀಪ ಮಾತ್ರ ತೇಲಿಕೊಂಡು ಹೋಗುವ ಹಾಗೆ ಕಾಣುತ್ತಿತ್ತು, ಹಿಡಿದವಳು ಕಾಣುತ್ತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಾಲ್ಕಾರು ಜನ ನಿಂತಿದ್ದರು. ಮುದುಕಿಯನ್ನು ಕಂಡರು, ದೀಪ ಕಂಡರು. ಏನು, ಯಾಕೆ ಎಂದು ಯಾರೂ ಕೇಳಲಿಲ್ಲ. ಒಬ್ಬ ಗಂಡಸು ಕೈಯಲ್ಲಿದ್ದ ಚೀಲ ಕೆಳಗಿಟ್ಟು ಹಿಮದಲ್ಲೇ ಮೊಣಕಾಲೂರಿದ. ನಂತರ ಅವನ ಪಕ್ಕದವಳು. ನಂತರ ಉಳಿದವರು. ಸೀರೆ ಉಟ್ಟ, ಕುಂಕುಮ ಹಚ್ಚಿದ ಒಬ್ಬ ಇಳಕಲ್ಲಿನ ಹೆಂಗಸಿನ ಮುಂದೆ ಆ ಜನ ತಲೆ ಬಾಗಿಸಿ ಕುಳಿತರು. ಗಂಗಕ್ಕ ಅಳುತ್ತಿದ್ದಳು. ಕಣ್ಣೊರೆಸಿಕೊಳ್ಳಲು ಅವಳ ಕೈ ಖಾಲಿ ಇರಲಿಲ್ಲ.

ಸ್ವಾಮಿಗಳು ಆಗತಾನೆ ಬಂದಿದ್ದರು. ಹೆಲೆನಾ ಹೇಳಿದ್ದನ್ನು ಕೇಳಿ ಗದರಿಸಲಿಲ್ಲ. ನನ್ನ ಕಡೆ ತಿರುಗಿ, ನೀವು ತೆಗೆದುಕೊಳ್ಳುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲು ಪಾಪನಿವೇದನೆ ಮಾಡಬೇಕು ಎಂದೆ. ಸ್ವಾಮಿಗಳು ಒಳಗೆ ಕೂತು ಜಾಲರಿಯ ಮೂಲಕ ಪಾಪಗಳನ್ನು ಕೇಳುವ ಮರದ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ನಾನು ಫೋನನ್ನು ಗಂಗಕ್ಕನ ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿ ಹೋದೆ. ಅವಳು ಅಂತೋನಿಗೆ ಹೇಳುವುದು ಆ ಖಾಲಿ ಚರ್ಚಿನಲ್ಲಿ ನನಗೆ ಕೇಳಿಸುತ್ತಿತ್ತು: "ಹೋಗ್ಯಾರ್ರೀ. ಕಟಗಿ ಪೆಟಗಿ ಮುಂದ ಕುಂತಾರ. ಅಳಾಕತ್ತಾರ. ಅಳಲಿ ಬಿಡ್ರಿ."

ಮುಗಿದ ಮೇಲೆ ಸ್ವಾಮಿಗಳು ಪೆಟ್ಟಿಗೆಯಿಂದ ಎದ್ದು ಬಂದು, ಬಟ್ಟಲು ಹಿಡಿದು ಗಂಗಕ್ಕನ ಮುಂದೆ ನಿಂತರು. ಗಂಟಿಗೆ ಕೈ ಹಾಕಲಿಲ್ಲ, ಅವಳಿಗಾಗಿ ಕಾದರು. ಅವಳು ಗಂಟಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು.

"ಒಂದ ಚೂರನೂ ಹುಡುಗಿಗೆ ಆಗೂದಿಲ್ಲೇನ್ರಿ?" ಎಂದು ನನ್ನನ್ನು ಕೇಳಿದಳು.

ಇಲ್ಲ ಎಂದು ತಲೆಯಾಡಿಸಿದೆ. ಅಷ್ಟು ಕಷ್ಟದ ಉತ್ತರವನ್ನು ನಾನು ಯಾರಿಗೂ ಕೊಟ್ಟಿಲ್ಲ. ಅವಳು ವಾದ ಮಾಡಲಿಲ್ಲ. ಹಲ್ಲಿನಿಂದ ಗಂಟು ಸಡಿಲಿಸುವ ರೂಢಿ ಅವಳದು, ಇವತ್ತು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ರೊಟ್ಟಿ ಎರಡು ತುಂಡಾಗಿತ್ತು. ಸ್ವಾಮಿಗಳು ಎರಡನ್ನೂ ನನ್ನ ನಾಲಿಗೆಯ ಮೇಲಿಟ್ಟರು. ಒಂದು ಚೂರೂ ಉಳಿಯಬಾರದೆಂದು ಸೆರಗಿನ ತುದಿಗೆ ನೀರು ಹಾಕಿ ಬಟ್ಟಲಿನಲ್ಲಿ ಹಿಂಡಿದರು. ಆ ನೀರನ್ನು ಮಣ್ಣಿಗೆ ಹಾಕಲು ಮುದುಕಿ ಹೊರಗೆ ಒಯ್ದಳು. ಹೆಲೆನಾ ತನ್ನ ಲಕೋಟೆಯನ್ನು ಗಂಗಕ್ಕನ ಕೈಯಲ್ಲಿಟ್ಟು, ಇದನ್ನು ಮಗುವಿಗೆ ಒಯ್ಯಿ, ಇದಕ್ಕೆ ಯಾರ ತಕರಾರೂ ಇಲ್ಲ ಎಂದಳು.

ನಾಲಿಗೆಯ ಮೇಲೆ ಅದು ಕ್ಷಣದಲ್ಲಿ ಕರಗಿ ಹೋಗಿತ್ತು. ನುಂಗಬೇಕಾಗಿಯೂ ಬರಲಿಲ್ಲ. ಹಿಮದ ಹನಿಗೂ ಇದಕ್ಕಿಂತ ಹೆಚ್ಚು ಭಾರವಿದೆ. ಗಂಗಕ್ಕ ಫೋನು ನನ್ನ ಕೈಗೆ ಕೊಟ್ಟಳು.

"ತಗೊಂಡ್ಯಾ ಅಕ್ಕಾ?" ಎಂದ ಅಂತೋನಿ.

"ತಗೊಂಡ್ನಿ."

ಅವನು ಬಹಳ ಮೆಲ್ಲಗೆ ಕೇಳಿದ, "ಸರಳ ಇಳೀತೇನಕ್ಕಾ?"

ಅವನು ಏನು ಕೇಳುತ್ತಿದ್ದಾನೆಂದು ನನಗೆ ತಿಳಿಯಿತು.

"ಇಲ್ಲೋ ತಮ್ಮಾ, ಗಂಟಲಾಗ ಸಿಕ್ತು," ಎಂದೆ. "ನೀರ ಕುಡದ ಮ್ಯಾಲೆ ಇಳೀತು. ಅವ್ವಗ ಆಗತಿದ್ದಿಲ್ಲ. ನೀ ಮಾಡಿದ್ದ ಛಲೋ ಆತು. ಮುಂದಿನ ವಾರ ನೀ ತಗೋ, ನಿಂಗ ಇಳೀತೈತಿ."

ಆ ಕಡೆ ಅವನು ಅಳತೊಡಗಿದ. ನಾನು ಪರಮಪ್ರಸಾದ ತೆಗೆದುಕೊಂಡು ಇನ್ನೂ ಐದು ನಿಮಿಷವಾಗಿರಲಿಲ್ಲ, ಅಷ್ಟರಲ್ಲಿ ಸುಳ್ಳು ಹೇಳಿದ್ದೆ. ಅದನ್ನು ನಿವೇದಿಸಲು ಮತ್ತೆ ಆ ಮರದ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ.